ಭಾಷಣಕ್ಕೆ ಅಡ್ಡಿಯಾದ ಗಂಟೆ

ನಿರ್ದೇಶಕರಿಗೆ ನಮಸ್ಕಾರ.

ಅತಿವಾಹಕ (ಸೂಪರ್‌ಕಂಡಕ್ಟರ್) ತಂತಿಗಳ ಹೊಸ ಪರೀಕ್ಷಾ ಕೇಂದ್ರದ ಉದ್ಘಾಟನೆಗೆ ಕರೆದಿದ್ದೀರಿ, ಬರುತ್ತೇನೆ.

ಹಳೆಯ ಕೇಂದ್ರದ ಉದ್ಘಾಟನೆಯೂ ನೆನಪಿದೆ. ತಂತಿಗಳನ್ನು ತಣಿಸುವ ನೈಟ್ರೋಜನ್ ಸೋರಿ ಆಮ್ಲಜನಕ ಕಡಿಮೆಯಾದರೆ ಕೂಗುವ ಗಂಟೆಯನ್ನು, ಭಾಷಣಕ್ಕೆ ಅಡ್ಡಿಯೆಂದು ನೀವೇ ಬಂದ್ ಮಾಡಿದಿರಿ. "ಗಣ್ಯರು ಹೋಗ್ಲಿ, ಆಮೇಲೆ ಬಾಯಿ ಬಡ್ಕೊಳ್ಲಿ" ಎಂದು ನಕ್ಕಿರಿ. ಮತ್ತೆ ಹಾಕಲು ಮರೆತಿರಿ. ಮರುದಿನ, ಸೋರಿದ ಅನಿಲ ತುಂಬಿದ್ದ ಯಂತ್ರದ ಗುಂಡಿಗೆ ತಿಳಿಯದೆ ಇಳಿದ, ಅಲ್ಲೇ ಕೆಲಸಕ್ಕಿದ್ದ ನನ್ನ ತಮ್ಮ ಹೆಣವಾಗಿ ಮೇಲೆ ಬಂದ. ಅಜಾಗರೂಕತೆ ಅವನದೇ ಎಂದು ವರದಿ ಬರೆದಿರಿ.

ಅವನ ಮಗಳು ಈಗ ನಿಮ್ಮಲ್ಲೇ ತಂತ್ರಜ್ಞೆ. ಈ ಸಲ ಗಂಟೆ ಬಂದ್ ಮಾಡುವ ಕೆಲಸ ಅವಳದಂತೆ. "ಬರೀ ಒಂದು ಸ್ವಿಚ್ಚು, ದೊಡ್ಡಪ್ಪ. ಹಳೇದನ್ನೆಲ್ಲ ಯಾಕೆ ಕೆದಕ್ತೀರಾ?" ಎನ್ನುತ್ತಾಳೆ. ನಿಮ್ಮ ವರದಿಯನ್ನೇ ನಂಬಿದ್ದಾಳೆ.

ಗಂಟೆ ಕೂಗಿದರೆ ಕೂಗಲಿ ಬಿಡಿ. ಭಾಷಣ ಕೇಳಿಸಲಿಲ್ಲವೆಂದು ಯಾರೂ ಸಾಯುವುದಿಲ್ಲ.

ಇತಿ,
ಅವಳ ದೊಡ್ಡಪ್ಪ