ಮುಂದಿನ ಎಡ ಟೈರಿನ ಆರೋಪಿಗಳು

ನಂದಗುಡಿ,
೧೪ ನವೆಂಬರ್ ೨೦೨೫, ಶುಕ್ರವಾರ

ಶ್ರೀಮದ್ ನಂದಗುಡಿ ಹೋಬಳಿಯ ಚತುಶ್ಚಕ್ರಾಧಿಪತಿ, ಹಾರ್ನ್‌ಪ್ರಿಯ, ರಿವರ್ಸ್ ಗೇರಿನಲ್ಲಿ ಎರಡು ಸಲ ಕಾಂಪೌಂಡನ್ನು ಗೆದ್ದ ಧೀರ, ಸದ್ಯ ಚಿಂತಾಮಣಿಯ ಮಗಳ (ಅಂದರೆ ನನ್ನ ಅತ್ತೆಯ) ಮನೆಯಲ್ಲಿ ಹೊಸ ಮಂಡಿ ಸಮೇತ ಬಿಜಯಂಗೈದಿರುವ ಶ್ರೀ ಆದಿನಾರಾಯಣಪ್ಪನವರ ದಿವ್ಯ ಪಾದಗಳಿಗೆ (ಬಲಗಡೆಯದಕ್ಕೆ ಮೆಲ್ಲಗೆ) ಮೊಮ್ಮಗಳು ಸಿಂಚನಳ ಸಾಷ್ಟಾಂಗ ನಮಸ್ಕಾರಗಳು.

ತಾತಾ, ಮಂಡಿ ಹೇಗಿದೆ? ಅತ್ತೆ ಹೇಳುವ ಪ್ರಕಾರ ಕೋಲು ಹಿಡಿದು ಹಜಾರ ದಾಟುತ್ತೀಯಂತೆ. ನೀನು ಹೇಳುವ ಪ್ರಕಾರ ಬೀದಿ ಕೊನೆಯ ಬೋಂಡದ ಅಂಗಡಿವರೆಗೂ ಹೋಗಿ ಬರುತ್ತೀಯಂತೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ, ಯಾರೆಂದು ನಿನ್ನ ಕೈಯ ಎಣ್ಣೆ ಮೂಸಿ ಅತ್ತೆಯೇ ತೀರ್ಮಾನಿಸಲಿ. ವ್ಯಾಯಾಮ ಮಾಡಿಸಲು ಬರುವ ಹುಡುಗಿಯನ್ನು ಬೈಯಬೇಡ, ಕಾಲು ಬಗ್ಗಿಸು ಅನ್ನುವುದು ಅವಳ ಕೆಲಸ. ಇಲ್ಲಿ ಅಜ್ಜಿ ಚೆನ್ನಾಗಿದ್ದಾಳೆ. ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ ಎಂದು ನಾನು ಬರೆಯಬೇಕಂತೆ, ಆದರೆ ಅದನ್ನು ಅವಳು ಹೇಳಿದ್ದೆಂದು ಬರೆಯಬಾರದಂತೆ. ಬರೆದಿದ್ದೇನೆ.

ಈಗ ನಿನ್ನ ಕಾರಿನ ವಿಷಯ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನಗೆ ಕೇಳಿಸುವಷ್ಟು ಜೋರಾಗಿ ಹೇಳಿದರೆ ಆರೋಪಿಗಳಿಗೂ ಕೇಳಿಸುತ್ತದೆ. ಅದಕ್ಕೇ ನಾಳೆ ಚಿಂತಾಮಣಿಗೆ ವಾಪಸಾಗುವ ಅತ್ತೆಯ ಮಗಳು ಅಕ್ಷತಳ ಬ್ಯಾಗಿನಲ್ಲಿ ಈ ಗುಪ್ತ ವರದಿ. ನೀನು ಆಪರೇಷನ್ನಿಗೆಂದು ಹೋದ ಮೇಲೆ, ಆಯುಧಪೂಜೆ ಕಳೆದ ಮೂರನೇ ದಿನಕ್ಕೆ, ಮುಂದಿನ ಎಡ ಟೈರು ಸಪ್ಪಗಾಯಿತು. ಗಾಳಿ ತುಂಬಿಸಿದೆವು. ಮತ್ತೆ ಮೂರು ದಿನಕ್ಕೆ ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ಹಾಗೆ ಗಾಡಿ ಒಂದು ಪಕ್ಕಕ್ಕೆ ವಾಲಿಕೊಂಡು ನಿಂತಿತ್ತು. ಗಾಳಿ ಅಳೆಯುವ ಮೀಟರಿನಲ್ಲಿ ಮೂವತ್ತೆರಡು ಇರಬೇಕಾದದ್ದು ಹದಿನೆಂಟು. ಒಂದೇ ಸಲ ಬುಸ್ಸೆಂದಿದ್ದರೆ ಮೊಳೆ ಅನ್ನಬಹುದು. ಹೀಗೆ ಲೆಕ್ಕ ಹಾಕಿದಂತೆ, ಮೆಲ್ಲಗೆ, ನಾಚಿಕೆಯಿಂದ ಗಾಳಿ ಹೋಗುವುದೆಂದರೆ ಇದರ ಹಿಂದೆ ಯಾರದೋ ಕೈ ಇರಲೇಬೇಕು ಎಂದು ಮನೆಮಂದಿಯೆಲ್ಲ ತೀರ್ಮಾನಿಸಿದೆವು. ನಮ್ಮ ಮನೆಯಲ್ಲಿ ಹಾಲು ಒಡೆದರೂ ಯಾರೋ ಕಣ್ಣು ಹಾಕಿದರು ಅನ್ನುತ್ತಾರೆ, ಇನ್ನು ಟೈರು ಬಿಟ್ಟಾರೆಯೇ.

ಮೊದಲ ಆರೋಪಿ ಎದುರುಮನೆಯ ಮುನಿವೆಂಕಟಪ್ಪ. ನಮ್ಮ ಕಾರಿನ ಮೂತಿ ತನ್ನ ಹಸು ಕಟ್ಟುವ ಗೂಟದವರೆಗೂ ಬರುತ್ತದೆಂದು ಆತನಿಗೆ ಹಿಂದಿನಿಂದಲೂ ಸಿಟ್ಟು. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವಾಗ ನಿಂತು, “ಏನಮ್ಮಣ್ಣಿ, ಇವತ್ತೂ ಕುಂತ್ಬುಡ್ತಾ ನಿಮ್ ಗಾಡಿ?” ಎಂದು ಕೇಳುತ್ತಿದ್ದ. ನಿರಪರಾಧಿಯಾದವನು ಇಷ್ಟು ಕಾಳಜಿ ತೋರಿಸುತ್ತಾನೆಯೇ ತಾತಾ? ನಾನು ಒಲೆಯ ಬೂದಿ ತಂದು ಟೈರಿನ ಸುತ್ತ ತೆಳ್ಳಗೆ ಹರಡಿ, ಮಧ್ಯಾಹ್ನವೆಲ್ಲ ತಾರಸಿಯ ಮೇಲೆ ರಾಗಿ ಹಪ್ಪಳ ಕಾಯುವ ನೆಪದಲ್ಲಿ ಕಾವಲು ಕೂತೆ. ಸಂಜೆ ಇಳಿದು ನೋಡಿದರೆ ಬೂದಿಯ ತುಂಬ ಹೆಜ್ಜೆ ಗುರುತು. ಎಲ್ಲವೂ ಮೂರು ಬೆರಳಿನವು. ಅಜ್ಜಿಯ ಕೆಂಪು ಕೋಳಿಯನ್ನು ವಿಚಾರಣೆಗೆ ಕರೆದೆ, ಅದು ನನ್ನ ಚಪ್ಪಲಿಯ ಮೇಲೆ ಹೇಳಿಕೆ ಕೊಟ್ಟು ಹೋಯಿತು. ಗಾಳಿ ಮಾತ್ರ ಅಂದೂ ಇಳಿದಿತ್ತು.

ಕೊನೆಗೆ ಅಪ್ಪ ಡ್ರೈವರ್ ನಂದೀಶಣ್ಣನ ಕೈಲಿ ಕ್ರಾಸಿನ ಅಂಬರೀಶನ ಪಂಕ್ಚರ್ ಅಂಗಡಿಗೆ ಗಾಡಿ ಹೊಡೆಸಿಕೊಂಡು ಹೋದರು. ಆಫೀಸಿಗೆ ಹೊತ್ತಾಯಿತೆಂದು ವಾಚು ನೋಡುತ್ತ ತಲೆಯ ಮೇಲೇ ನಿಂತರೆ ಅವನಾದರೂ ಏನು ಮಾಡಿಯಾನು? ಚಕ್ರ ಬಿಚ್ಚಿ ತೊಟ್ಟಿಯಲ್ಲಿ ಅದ್ದಬೇಕಿತ್ತು. ಬಿಚ್ಚದೆ, ಜಾಕ್ ಕೊಟ್ಟು, ಟೈರಿನ ಮೈಗೆ ಸೋಪಿನ ನೀರು ಹಾಕಿ ಒಂದು ಸುತ್ತು ತಿರುಗಿಸಿದ. ಎಲ್ಲೂ ಗುಳ್ಳೆ ಏಳಲಿಲ್ಲ. “ಪಂಚರ್ ಇಲ್ಲ ಸಾರ್, ಯಾರೋ ಗಾಳಿ ಬಿಡ್ತಾವ್ರೆ” ಎಂದುಬಿಟ್ಟ. ಆ ಒಂದು ಮಾತು ಸಾಕಾಯಿತು. ಗಾಡಿಯ ಹತ್ತಿರ ದಿನಾ ಇರುವವನು ಯಾರು? ಬೆಳಿಗ್ಗೆ ಗಾಳಿ ಇಲ್ಲವೆಂದು ಹೊರಡುವುದು ತಡವಾದರೆ ಆರಾಮಾಗಿ ಇನ್ನೊಂದು ಕಾಫಿ ಕುಡಿಯುವವನು ಯಾರು? ಅಪ್ಪನ ಬೆರಳು ನಂದೀಶಣ್ಣನ ಕಡೆ ತಿರುಗಿತು. ಅಪ್ಪನ ಸ್ವಂತ ಡ್ರೈವಿಂಗ್ ತಿಪ್ಪೆಗುಂಡಿಯಲ್ಲಿ ಕೊನೆಯಾದದ್ದು ನಿನಗೆ ಗೊತ್ತೇ ಇದೆ. ಅಪ್ಪನನ್ನು ಹೊಸಕೋಟೆಗೂ ಅಜ್ಜಿಯನ್ನು ಕಣ್ಣಾಸ್ಪತ್ರೆಗೂ ಕರೆದೊಯ್ಯಲೆಂದು ನೀನೇ ಅನುಗೊಂಡನಹಳ್ಳಿಯಿಂದ ಹುಡುಕಿ ತಂದ ಹುಡುಗ ಅವನು.

ಕಳೆದ ಶನಿವಾರ ಅಂಗಳದಲ್ಲಿ ಪಂಚಾಯಿತಿ ಆಯಿತು. ಅಪ್ಪ ನೇರವಾಗಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಕೆಲಸ ಬೇಡಾಂದ್ರೆ ಬಾಯ್ಬಿಟ್ಟು ಹೇಳಪ್ಪಾ, ಗಾಡಿ ಮೇಲ್ಯಾಕೆ ಸಿಟ್ಟು ತೀರಿಸ್ಕೋತೀಯ” ಅಂದರು. ನಂದೀಶಣ್ಣ ಬಗ್ಗಿ ಟೈರನ್ನು ಒತ್ತಿ ನೋಡಿದ. ಆಮೇಲೆ, “ನಾನ್ಯಾಕ್ ಸಾರ್ ಬಿಡ್ಲಿ? ತಿರ್ಗಾ ಬಂದು ತುಂಬ್ಸೋನೂ ನಾನೇ ಅಲ್ವಾ?” ಅಂದ. ಎದುರುಮನೆ ಬಾಗಿಲಲ್ಲಿ ಮುನಿವೆಂಕಟಪ್ಪ, ಅವನ ಹೆಂಡತಿ, ಹಾಲಿಗೆ ಬಂದವರು, ಎಲ್ಲರೂ ನಿಂತಿದ್ದರು. ನಂದೀಶಣ್ಣ ಕೀಲಿಕೈಯನ್ನು ಜಗಲಿಯ ಮೇಲಿಟ್ಟು ಬೈಕ್ ಹತ್ತಿ ಹೊರಟುಹೋದ. ಅಜ್ಜಿ ಕೊಟ್ಟ ಕಾಫಿಗೆ ಕೆನೆ ಕಟ್ಟಿತು. ಅವನ ಹೆಂಡತಿಗೆ ಈಗ ಏಳು ತಿಂಗಳು ತಾತಾ, ಬರುವ ತಿಂಗಳು ಸೀಮಂತ. ಗಾಳಿ ಬಿಟ್ಟು ಕೆಲಸ ಕಳೆದುಕೊಂಡವನು ಎಂದು ಒಂದು ಸಲ ಹೆಸರು ಬಂದರೆ ಈ ಹೋಬಳಿಯಲ್ಲಿ ಯಾರು ಅವನ ಕೈಗೆ ಸ್ಟೀರಿಂಗ್ ಕೊಡುತ್ತಾರೆ? ಸೋಮವಾರದಿಂದ ಮತ್ತೆ ಬರುತ್ತಿದ್ದಾನೆ, ಆದರೆ ಜಗಲಿ ಹತ್ತುವುದಿಲ್ಲ. ಪಂಚಾಯಿತಿಯ ದಿನ ಸಂಜೆ ಅಪ್ಪ ಫೋನಿನಲ್ಲಿ ಕೂಗಿ ಹೇಳಿದ್ದು, ನೀನು “ಇನ್ನೊಂದ್ವಾರ ಇರ್ಲಿ, ಹದಿನೇಳನೇ ತಾರೀಕಿಂದ ಬೇರೆಯವನ್ನ ನೋಡು” ಎಂದು ವಾಪಸು ಕೂಗಿದ್ದು, ಎರಡೂ ಬೀದಿಗೆ ಕೇಳಿಸಿದೆ.

ಭಾನುವಾರ ಅಪ್ಪ ಮದುವೆಯೊಂದಕ್ಕೆ ಹೋಗಿದ್ದಾಗ ನಾನು ಅಂಬರೀಶನನ್ನು ಮನೆಗೇ ಕರೆಸಿದೆ. ಈ ಸಲ ತಲೆಯ ಮೇಲೆ ಯಾವ ವಾಚೂ ಇರಲಿಲ್ಲ. ಚೊಂಬಿನಲ್ಲಿ ಸೋಪಿನ ಪುಡಿ ಕಲಸಿ ಟೈರಿನ ಮೈಗೆ ಸುರಿದೆವು. ಏನೂ ಇಲ್ಲ. ಟೈರೂ ರಿಮ್ಮೂ ಸೇರುವ ಅಂಚಿಗೆ, ಎರಡೂ ಕಡೆ, ಹಳೆಯ ಬಟ್ಟೆಯಲ್ಲಿ ಹಿಂಡಿದೆವು. ಅಲ್ಲೂ ಇಲ್ಲ. “ಅವತ್ತು ಮೂತಿ ನೋಡ್ಲೇ ಇಲ್ಲ ಕಣಕ್ಕ” ಎಂದು ಅಂಬರೀಶ ಗಾಳಿ ತುಂಬುವ ವಾಲ್ವಿನ ಮುಚ್ಚಳ ಬಿಚ್ಚಿ ನೊರೆ ಹಚ್ಚಿದ. ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಒಂದು ಗುಳ್ಳೆ, ಸಾಸಿವೆಯಷ್ಟಿತ್ತು. ಕಡಲೆಕಾಳಿನಷ್ಟಾಯಿತು. ನೆಲ್ಲಿಕಾಯಿಯಷ್ಟಾಗಿ ಪಟ್ಟೆಂದಿತು, ಅದರ ಹಿಂದೆಯೇ ಇನ್ನೊಂದು. ತಾತಾ, ಆ ಗುಳ್ಳೆ ಗುಲಾಬಿ ಬಣ್ಣದ್ದಾಗಿತ್ತು. ಒಳಗಿನ ಪಿನ್ ತಿರುಗಿಸಿ ತೆಗೆದರೆ ಅದರ ಮೇಲೆ ಗಟ್ಟಿಯಾಗಿ ಮೆತ್ತಿಕೊಂಡಿದ್ದದ್ದು ಕುಂಕುಮ! ಪಿನ್ ಸರಿಯಾಗಿ ಕೂರದೆ ಆ ಸಂದಿನಲ್ಲೇ ದಿನವಿಡೀ ಗಾಳಿ ನುಸುಳುತ್ತಿತ್ತು. ಅಂಬರೀಶ ಒರೆಸಿ, ಹೊಸ ಪಿನ್ ಹಾಕಿ, ಗಾಳಿ ತುಂಬಿ ಎದ್ದ. ಇವತ್ತಿಗೆ ಐದು ದಿನ. ದಿನಾ ಮೀಟರ್ ಹಿಡಿದು ನೋಡುತ್ತಿದ್ದೇನೆ. ಮೂವತ್ತೆರಡು ಅಂದರೆ ಮೂವತ್ತೆರಡೇ.

ಕುಂಕುಮ ಹೇಗೆ ಬಂತೆಂದು ನಿನಗೆ ಹೇಳಬೇಕಿಲ್ಲ. ಆಯುಧಪೂಜೆಯ ದಿನ ನಿನ್ನ ಧರ್ಮಪತ್ನಿ ಪಾಪಕ್ಕನವರು ಕುಡುಗೋಲಿನಿಂದ ಮಿಕ್ಸಿಯವರೆಗೆ ಯಾವುದಕ್ಕೆ ಬೊಟ್ಟಿಡದೆ ಬಿಟ್ಟಿದ್ದಾರೆ? ಆದ್ದರಿಂದ ಅಪ್ಪನಿಗೆ ‘ವಾಲ್ವಿನಲ್ಲಿ ಕಸ ಸಿಕ್ಕಿತ್ತು’ ಎಂದಷ್ಟೇ ಹೇಳಿದೆ. ಅಜ್ಜಿಯ ಹೆಸರು ತರಲಿಲ್ಲ. ತಂದಿದ್ದರೆ ಪೂಜೆಯೇ ಅಪಶಕುನವಾಯಿತೆಂದು ಅವಳು ಊಟ ಬಿಡುತ್ತಿದ್ದಳು. ಆದರೆ ಅಪ್ಪ ನಂಬಬೇಕಲ್ಲ! “ಸಿಕ್ಕಾಕ್ಕೊಂತೀನಿ ಅಂತ ಗೊತ್ತಾಗಿ ನಿಲ್ಲಿಸವ್ನೆ, ಕಸ ಅಂತೆ ಕಸ” ಅನ್ನುತ್ತಾರೆ. ನೋಡು, ಗಾಳಿ ಹೋದರೂ ನಂದೀಶಣ್ಣ ಕಳ್ಳ, ನಿಂತರೂ ಅವನೇ ಕಳ್ಳ. ಸೋಮವಾರ ಹೊಸ ಡ್ರೈವರ್ ಬರುತ್ತಾನೆ. ನೀನು ಕೊಟ್ಟ ತೀರ್ಪನ್ನು ನೀನೇ ವಾಪಸು ತೆಗೆದುಕೊಂಡರೆ ಮಾತ್ರ ಇದು ನಿಲ್ಲುತ್ತದೆ. ಭಾನುವಾರದೊಳಗೆ ಅಪ್ಪನಿಗೆ ಫೋನ್ ಮಾಡು ತಾತಾ.

ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳು. ಮಂಡಿಗೆ ಬೇಗ ಬಗ್ಗುವ ಬುದ್ಧಿ ಬರಲಿ.

ನಿನ್ನ ಪಾದಸೇವಕಿಯೂ ಚಕ್ರಪರೀಕ್ಷಕಿಯೂ ಆದ
ಸಿಂಚನ

ಮರೆತದ್ದು: ಅಕ್ಷತ ಈಗಲೇ ಬ್ಯಾಗಿನ ಜಿಪ್ ಎಳೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮುಚ್ಚಳ ಇರುವ ವಾಲ್ವಿನೊಳಗೆ ಕುಂಕುಮ ಹೇಗೆ ಹೋಯಿತು ಎಂದು ನೀನು ಕೇಳಿಯೇ ಕೇಳುತ್ತೀಯ. ಪೂಜೆಯ ದಿನ ಮುಚ್ಚಳ ಬಿಚ್ಚಿದವಳು ನಾನು. ಪುರೋಹಿತರ ಗಂಟಲು ಮಾಡಿಕೊಂಡು, “ಅಜ್ಜೀ, ಚಕ್ರಕ್ಕೆ ಜೀವಸ್ಥಾನ ಇದೇ, ಇಲ್ಲಿಗೆ ಬೊಟ್ಟಿಡದಿದ್ದರೆ ಪೂಜೆ ಸಲ್ಲೋದಿಲ್ಲ” ಎಂದೆ. ಅವಳು ನಂಬಿ, ಕಣ್ಣು ಮುಚ್ಚಿ, ಉಂಗುರದ ಬೆರಳಿನಲ್ಲಿ ನೀರುಕುಂಕುಮ ತುಂಬಿದಳು. ನಾನು ಮುಚ್ಚಳ ತಿರುಗಿಸಿ ಹಿತ್ತಲಿಗೆ ಓಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರೆತೂ ಬಿಟ್ಟೆ. ಗುಲಾಬಿ ಗುಳ್ಳೆ ಕಂಡಾಗಲೇ ನೆನಪಾದದ್ದು. ಅಜ್ಜಿಯನ್ನು ಕಾಪಾಡಲು ಕುಂಕುಮದ ಮಾತೆತ್ತಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿ ಓದು. ಐದು ದಿನದಿಂದ ಅಪ್ಪನ ಎದುರು ಹೋಗಿ ನಿಲ್ಲುತ್ತೇನೆ, ಊಟ ಆಯ್ತಾ ಎಂದು ಕೇಳಿ ಬಂದುಬಿಡುತ್ತೇನೆ. ನನಗೆ ಭಯ ತಾತಾ.