ಬಲಸಾಲಿನ ಹದಿನಾರು ಮುಖ

ಸ್ಟುಡಿಯೊ,
ಬುಧವಾರ, ಬೆಳಿಗ್ಗೆ ಹತ್ತೂವರೆ

ಅಕ್ಕಾ,

ಕ್ಷೇಮಸಮಾಚಾರ ಆಮೇಲೆ. ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಎಣಿಸದೆ ನನಗೆ ಮಾತೇ ಶುರುವಾಗುವುದಿಲ್ಲ ಅನ್ನುವುದು ನಿನಗೆ ಗೊತ್ತಿರುವ ವಿಷಯ.

ನಿಮ್ಮ ಬೈಂಡಿಂಗ್ ಹಾಲಿನಲ್ಲಿ ನಾನು ತೆಗೆದ ಆ ಒಂದು ಚಿತ್ರಕ್ಕೆ ಆದ ಖರ್ಚು ಇಷ್ಟು: ಒಂದು ಹಗಲು. ಏಳು ದೀಪ. ಹದಿನಾಲ್ಕು ಫ್ರೇಮು. ಲೆನ್ಸಿನ ಕತ್ತು ಎಡಕ್ಕೆ ವಾಲಿದ್ದು ನಾಲ್ಕು ಡಿಗ್ರಿ. ಮಸುಕಾದ ಮುಖ ಹದಿನಾರು. ನಾನು ನಿನ್ನನ್ನು ಕರೆದ ‘ರೀ’ ಒಂದು, ನೀನು ನನಗೆ ಅಂದ ‘ಸಾರ್’ ಒಂದು. ಹಣದ ಖರ್ಚು ಕಂಪನಿಯದು, ಅದನ್ನು ಅವರು ಬರೆದುಕೊಂಡಿರುತ್ತಾರೆ. ಉಳಿದದ್ದನ್ನು ಬರೆದಿಡುವವರು ಯಾರೂ ಇಲ್ಲ, ಅದಕ್ಕೇ ನಾನು ಕೂತಿದ್ದೇನೆ.

ನಿನ್ನೆ ಕತ್ತರಿ ಮಾವ ಫೋನ್ ಮಾಡಿದ್ದರು. ಮೂವತ್ತು ವರ್ಷ ಕಟಿಂಗ್ ಮಷೀನಿನ ಮುಂದೆ ನಿಂತು ಹತ್ತು ಬೆರಳನ್ನೂ ಉಳಿಸಿಕೊಂಡ ಮನುಷ್ಯ, ಫೋನಿನಲ್ಲೂ ಅಷ್ಟೇ ಹುಷಾರು. ಹೊಸ ಯಂತ್ರ ಬರುತ್ತಿದೆಯಂತೆ, ಹಾಳೆ ಮಡಿಸುವ ಮೇಜುಗಳನ್ನೆಲ್ಲ ಎತ್ತಿಸುತ್ತಾರಂತೆ, ಈ ಶನಿವಾರವೇ ನಿಮಗೆಲ್ಲ ಕೊನೆಯ ದಿನವಂತೆ. ಅಷ್ಟನ್ನೂ ಹೇಳಿ ಮುಗಿಸಿದ ಮೇಲೆ ನಿಧಾನವಾಗಿ ನಿನ್ನ ಮಾತು ತೆಗೆದರು. “ನಿಮ್ಮಕ್ಕ ಕೇಳ್ತಿದ್ದಾಳೆ ಕಣೋ. ‘ಅವನ ಲೆನ್ಸ್ ರಿಪೇರಿ ಆಯ್ತಾ ಕೇಳು. ಆಗಿದ್ರೆ ಶನಿವಾರ ಹನ್ನೊಂದಕ್ಕೆ ಬಂದು ಎಲ್ಲರ ಮುಖ ಕಾಣೋ ಹಾಗೆ ಒಂದು ಫೋಟೊ ತೆಗೀಲಿ. ಆಗಿಲ್ಲ ಅಂದ್ರೆ ಬೇಡ’ ಅಂದ್ಲು.”

ನಾನು “ನೋಡ್ತೀನಿ ಮಾವ” ಅಂದೆ. ನೋಡುವುದಕ್ಕೇನೂ ಇರಲಿಲ್ಲ. ಆ ಲೆನ್ಸ್ ಯಾವತ್ತೂ ಕೆಟ್ಟಿರಲಿಲ್ಲ ಅಕ್ಕ. ಬಲಗಡೆಯ ಗಾಜು ಸರಿಯಿಲ್ಲ ಅಂತ ನಾನು ನಿನಗೆ ಹೇಳಿದ್ದು ಶುದ್ಧ ಸುಳ್ಳು. ಅದನ್ನು ಬಿಚ್ಚಿ ಹೇಳದೆ ಶನಿವಾರ ಆ ಹಾಲಿನ ಹೊಸ್ತಿಲು ದಾಟುವ ಮುಖ ನನಗಿಲ್ಲ. ಹೇಳಿದ ಮೇಲೂ ನೀನು ಬಾ ಅನ್ನುತ್ತೀಯೋ ಇಲ್ಲವೋ ಗೊತ್ತಿಲ್ಲ.

ಅದು ಎಂಥ ಲೆನ್ಸ್ ಅಂತ ನಿನಗೆ ಒಮ್ಮೆಯೂ ಹೇಳಿರಲಿಲ್ಲ. ಬೇರೆ ಲೆನ್ಸುಗಳು ಕ್ಯಾಮೆರಾಕ್ಕೆ ನೆಟ್ಟಗೆ ಅಂಟಿಕೊಂಡು ಕೂತಿರುತ್ತವೆ. ಇದಕ್ಕೆ ಮಾತ್ರ ಕತ್ತು ಇದೆ. ಇದನ್ನು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಸರಿಸಬಹುದು. ಅದಕ್ಕೆ ಶಿಫ್ಟ್ ಅನ್ನುತ್ತಾರೆ. ಎತ್ತರದ ಕಂಬ, ಗೋಡೆ ಚಿತ್ರದಲ್ಲಿ ಹಿಂದಕ್ಕೆ ಬಿದ್ದಂತೆ ಕಾಣದೆ ನೆಟ್ಟಗೆ ನಿಲ್ಲುವುದು ಅದರಿಂದ. ಕತ್ತು ವಾಲಿಸಲೂಬಹುದು, ಅದು ಟಿಲ್ಟ್. ನಮ್ಮ ಸಂಕಟ ಇರುವುದು ಈ ಟಿಲ್ಟಿನಲ್ಲಿ.

ಗಾಳಿಯಲ್ಲಿ ಕಣ್ಣಿಗೆ ಕಾಣದ ಒಂದು ಹಾಳೆ ಇದೆ ಅಂದುಕೋ. ಆ ಹಾಳೆಗೆ ತಗುಲಿದ್ದೆಲ್ಲ ಚಿತ್ರದಲ್ಲಿ ಸ್ಪಷ್ಟ, ಅದರಿಂದ ದೂರ ಸರಿದಷ್ಟೂ ಮಸುಕು. ಬೇರೆ ಲೆನ್ಸುಗಳಲ್ಲಿ ಆ ಹಾಳೆ ಕ್ಯಾಮೆರಾದ ಎದುರು ಗೋಡೆಯಂತೆ ನಿಂತಿರುತ್ತದೆ. ಇದರಲ್ಲಿ ಅದನ್ನು ಮೇಜಿನ ಮೇಲೆ ಬಟ್ಟೆ ಹಾಸಿದ ಹಾಗೆ ಹಾಸಬಹುದು, ಬೇಕಾದ ಕಡೆ ಓರೆ ಮಾಡಬಹುದು. ನಾನು ತಂದಿದ್ದ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಚಿಪ್ ದೊಡ್ಡದು, ಒಂದೊಂದು ಚಿತ್ರಕ್ಕೆ ಹತ್ತು ಕೋಟಿ ಚುಕ್ಕೆ. ಅದರಲ್ಲಿ ಹಾಳೆ ಇನ್ನೂ ತೆಳು, ಹಾಳೆಗೆ ತಗುಲಿದ್ದು ಇನ್ನೂ ನಿಖರ. ಇಪ್ಪತ್ತು ಅಡಿ ದೂರದ ಸೂಜಿಯ ಕಣ್ಣಿನಲ್ಲಿ ದಾರ ಇದೆಯೋ ಇಲ್ಲವೋ ಅಂತ ಹೇಳಿಬಿಡುತ್ತದೆ.

ಆ ಚಿತ್ರ ತೆಗೆಯುವ ಹಿಂದಿನ ದಿನ ನಾನು ನಿನಗೆ ಏನು ಹೇಳಿದೆ ಅಂತ ನೆನಪಿದೆಯಾ? “ನಾಳೆ ರಜಾ ಹಾಕು ಅಕ್ಕ, ದೀಪದ ಶಾಖ, ಧೂಳು, ನಿನಗೆ ಕೆಮ್ಮು ಬರುತ್ತೆ” ಅಂದಿದ್ದೆ. ನೀನು ನಕ್ಕು, “ನನ್ನ ತಮ್ಮ ಫೋಟೊ ತೆಗೆಯೋಕೆ ಬರೋ ದಿನ ನಾನು ರಜಾ ಹಾಕ್ಲಾ? ಹೋಗೋ” ಅಂದಿದ್ದೆ. ನಿನ್ನ ಕೆಮ್ಮಿನ ಮೇಲೆ ನನಗಿದ್ದ ಅಕ್ಕರೆ ಎಷ್ಟು ಅಂತ ಈಗ ನೀನೇ ಅಂದಾಜು ಮಾಡಿಕೋ.

ಕಾರಣ ಕಂಪನಿಯ ಮೇಡಂ. ಕೈಯಲ್ಲೇ ಹೊಲಿದ ನೋಟ್‌ಬುಕ್ಕುಗಳನ್ನು ಮಾರುವ ಆಕೆಗೆ ಅಂಗಡಿಯ ಒಂದು ಗೋಡೆ ತುಂಬುವಷ್ಟು ದೊಡ್ಡ ಚಿತ್ರ ಬೇಕಿತ್ತು. ಆ ಕೆಲಸ ಹಿಡಿಯುವಾಗ ನಾನು ಬಾಯಿಗೆ ಬಂದದ್ದನ್ನೆಲ್ಲ ಬಿಟ್ಟಿದ್ದೆ. ನಮ್ಮದು ಮೂರು ತಲೆಮಾರಿನ ಛಾಯಾಗ್ರಾಹಕರ ಮನೆತನ, ತಾತನ ಮರದ ಕ್ಯಾಮೆರಾ ಇನ್ನೂ ಮನೆಯಲ್ಲಿದೆ, ಅಪ್ಪನಿಗೆ ಸ್ವಂತ ಸ್ಟುಡಿಯೊ ಇತ್ತು. ಅಪ್ಪನಿಗೆ ಸ್ವಂತದ್ದು ಅಂತ ಇದ್ದದ್ದು ಒಂದು ಕೊಡೆ. ನಾನು ಓದಿದ್ದು ಬರೆದಿದ್ದು ನಿನ್ನ ಮಡಿಸುವ ಮೇಜಿನ ಕೆಳಗೆ, ಗೋಂದಿನ ಡಬ್ಬಿಯ ಪಕ್ಕ. ಅಂಗಿಯಲ್ಲಿ ಗೋಂದಿನ ವಾಸನೆ ಹೋಗದೆ ಸ್ಕೂಲಿನಲ್ಲಿ ನನಗೆ ‘ಅಂಟು’ ಅಂತ ಹೆಸರಾಯಿತು. ಆ ಹೆಸರನ್ನು ನಿಮ್ಮ ಹಾಲಿನವರು ಮುದ್ದಿಗೆ ಎತ್ತಿಕೊಂಡರು. ನಾನು ಬೆಳೆದು ನಾಲ್ಕು ಬಗೆಯ ಸೆಂಟು ಪೂಸಿಕೊಂಡೆ, ಮೂಗಿನಿಂದ ಮಾತ್ರ ಆ ವಾಸನೆ ಹೋಗಲಿಲ್ಲ.

ಅಂದು ರಟ್ಟಿನ ಕಟ್ಟುಗಳನ್ನು ಪೇರಿಸಿ ಅದರ ಮೇಲೆ ಕ್ಯಾಮೆರಾ ನಿಲ್ಲಿಸಿದೆ. ಎಡಸಾಲಿನಲ್ಲಿ ಹದಿನಾರು ಜನ. ಬಲಸಾಲಿನಲ್ಲಿ ಕತ್ತರಿ ಮಾವನೂ ಸೇರಿ ಹದಿನಾರು. ಆ ಸಾಲಿನ ಕೊನೆಯಲ್ಲಿ ನೀನು. ಮೊದಲು ಆ ಲೆನ್ಸನ್ನು ಅದು ಹುಟ್ಟಿದ ಕೆಲಸಕ್ಕೇ ಬಳಸಿದೆ, ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಹುದು. ಕಂಬಗಳು ನೆಟ್ಟಗಾಗುವಷ್ಟು ಶಿಫ್ಟ್ ಮಾಡಿ, ಕತ್ತನ್ನು ಒಂದೂವರೆ ಡಿಗ್ರಿ ಮುಂದಕ್ಕೆ ಬಗ್ಗಿಸಿ, ಕಾಣದ ಆ ಹಾಳೆಯನ್ನು ನಿಮ್ಮೆಲ್ಲರ ಮುಖದ ಎತ್ತರಕ್ಕೆ ಹಾಸಿದೆ. ಅಷ್ಟಕ್ಕೆ ನಲವತ್ತು ನಿಮಿಷ ಹಿಡಿಯಿತು. ಒಂಬತ್ತನೇ ಫ್ರೇಮಿನಲ್ಲಿ ಹತ್ತಿರದ ಮುಖದಿಂದ ಕಿಟಕಿ ಪಕ್ಕದ ಮುಖದವರೆಗೆ ಮೂವತ್ತೆರಡೂ ಸ್ಪಷ್ಟ. ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಚಿತ್ರ ಬಂದಿಲ್ಲ.

ಚಿತ್ರ ನೇರವಾಗಿ ಲ್ಯಾಪ್‌ಟಾಪಿನ ಮೇಲೆ ಬೀಳುತ್ತಿತ್ತು. ಮೇಡಂ ಅದನ್ನು ದೊಡ್ಡದು ಮಾಡುತ್ತಾ, ಒಬ್ಬೊಬ್ಬರನ್ನೇ ದಾಟುತ್ತಾ, ಬಲಸಾಲಿನ ಕೊನೆಗೆ ಬಂದು ನಿಂತರು. ನಿನ್ನ ಮುಖ ತೆರೆಯ ತುಂಬ. “ಅಯ್ಯೋ ಸಾರ್, ಈಯಮ್ಮ ನಿಮ್ಮ ಥರಾನೇ ಇದ್ದಾರಲ್ಲಾ! ಅದೇ ಮೂಗು, ಗಲ್ಲದ ಮೇಲೆ ಅದೇ ಗುಳಿ. ಏನು, ಸಂಬಂಧಾನಾ?” ಅಂತ ತಮಾಷೆ ಮಾಡಿದರು.

ಹೌದು ಅನ್ನಲು ಅರ್ಧ ಸೆಕೆಂಡ್ ಸಾಕಿತ್ತು. “ಈ ಮೂಗು ಎಷ್ಟು ಜನಕ್ಕಿರಲ್ಲ ಮೇಡಂ” ಅಂದುಬಿಟ್ಟೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಆ ಮೂಗು ಗೋಡೆಯ ಮೇಲೆ ನಾಲ್ಕು ಅಡಿ ಎತ್ತರದಲ್ಲಿ ಕೂತು, ಬಂದವರಿಗೆಲ್ಲ ನನ್ನ ಮನೆತನದ ಕಥೆ ಹೇಳುತ್ತದೆ ಅನ್ನಿಸಿತು. ಲೆನ್ಸನ್ನು ತಿರುಗಿಸಿ ಕತ್ತನ್ನು ಎಡಕ್ಕೆ ನಾಲ್ಕು ಡಿಗ್ರಿ ವಾಲಿಸಿದೆ. ಹಾಳೆ ಎದ್ದು ಎಡಸಾಲಿನ ಉದ್ದಕ್ಕೂ ನಿಂತಿತು. ಬಲಸಾಲು ಕರಗಿಹೋಯಿತು. ಮೇಡಂ, “ಎಷ್ಟು ಕಲಾತ್ಮಕವಾಗಿದೆ ಸಾರ್!” ಅಂದರು. “ನಮ್ಮ ತಾತನ ಶೈಲಿ” ಅಂದೆ. ಒಬ್ಬಳನ್ನು ಮರೆಸಲು ಹದಿನಾರು ಜನರನ್ನು ಅಳಿಸಿದ್ದೆ, ಹೊಗಳಿಕೆಯನ್ನೂ ಇಟ್ಟುಕೊಂಡೆ.

ಅಷ್ಟಾದರೂ ನೀನು ಕ್ಯಾಮೆರಾದ ಕಡೆಯೇ ನೋಡುತ್ತಿದ್ದೆ. ಆಗಲೇ ನಾನು ಕೂಗಿದ್ದು. “ರೀ, ಬಲಗಡೆ ಕೊನೇಲಿರೋರು, ಸ್ವಲ್ಪ ತಲೆ ತಗ್ಗಿಸಿ ಕೆಲಸ ಮಾಡಿ.”

ಹಾಲಿನಲ್ಲಿ ಹಾಳೆ ಮಡಿಸುವ ಸದ್ದು ನಿಂತಿತು. ಬೆಳಗಿನಿಂದ ನೀನು ಅವರಿಗೆಲ್ಲ ನನ್ನ ವಿಷಯವೇ ಹೇಳಿರುತ್ತೀಯ. ಅರ್ಧ ಜನ ನಾನು ಮೇಜಿನ ಕೆಳಗೆ ನಿದ್ದೆ ಮಾಡಿದ್ದನ್ನು ಕಂಡವರು. ಕತ್ತರಿ ಮಾವ ಬಾಯಿ ತೆಗೆದರು, ‘ಏಯ್ ಅಂಟು’ ಅನ್ನುವುದು ತುಟಿಯವರೆಗೆ ಬಂದಿತ್ತು. ನೀನು ಅವರ ಕಡೆ ಒಮ್ಮೆ ನೋಡಿದೆ. ಅವರು ತಿರುಗಿ ಮಷೀನ್ ಶುರು ಮಾಡಿದರು. ಆಮೇಲೆ ನೀನು “ಆಯ್ತು ಸಾರ್” ಅಂದು ತಲೆ ತಗ್ಗಿಸಿದೆ.

ನಿನ್ನ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಹೇಗೋ ಸಂಭಾಳಿಸುತ್ತಿದ್ದೆ. ನೀನು ಅದನ್ನು ನನ್ನ ಕೆಲಸ ಕೆಡಬಾರದು ಅನ್ನುವ ಹಾಗೆ ಹೇಳಿದೆ. ಸಂಜೆ ದೀಪ ಬಿಚ್ಚಿ ಹೊರಡುವವರೆಗೆ ಅಷ್ಟು ಜನರಲ್ಲಿ ಒಬ್ಬರೂ ನನ್ನ ಗುರುತಿದೆ ಅಂತ ತೋರಿಸಿಕೊಳ್ಳಲಿಲ್ಲ.

ಆಮೇಲಿನದು ನಿನಗೆ ಗೊತ್ತು. ಮಾಲೀಕರು ಎಲ್ಲರಿಗೂ ಒಂದೊಂದು ಸಣ್ಣ ಪ್ರತಿ ಹಂಚಿದರು. ನಿನ್ನ ಸಾಲಿನಲ್ಲೇ ಹೊಲಿಗೆ ಹಾಕುವ ಸೂಜಿ ಅಜ್ಜಿ ತನ್ನನ್ನು ಹುಡುಕಿ ಹುಡುಕಿ ಸೋತು, “ನಮ್ಮ ಸಾಲೆಲ್ಲ ಆಗಲೇ ಸತ್ತು ದೆವ್ವ ಆಗಿದೀವೇನ್ರೇ?” ಅಂದಳಂತೆ. ಯಾಕೆ ಹೀಗಾಯಿತು ಅಂತ ನೀನು ಫೋನಿನಲ್ಲಿ ಕೇಳಿದಾಗ ನಾನು ಗಾಜಿನ ದೋಷದ ಕಥೆ ಕಟ್ಟಿದೆ. ಅದನ್ನು ನೀನು ಮೇಜಿಂದ ಮೇಜಿಗೆ ಹೋಗಿ, “ಪಾಪ, ಕೆಟ್ಟ ಲೆನ್ಸು, ಅವನಿಗೆ ಮೋಸ ಮಾಡ್ತು” ಅಂತ ಹೇಳಿದ್ದನ್ನು ಮಾವನಿಂದ ಕೇಳಿದೆ. ಆ ದಿನದಿಂದ ನಮ್ಮ ಫೋನು ‘ಊಟ ಆಯ್ತಾ’ದಿಂದ ಶುರುವಾಗಿ ‘ಸರಿ, ಇಡ್ತೀನಿ’ಗೆ ಮುಗಿಯುತ್ತಿದೆ. ನಡುವೆ ಏನೂ ಇಲ್ಲ.

ನಿನಗೆ ಗೊತ್ತಿರದ ಎರಡು ವಿಷಯ ಹೇಳಬೇಕು.

ಇವತ್ತು ಬೆಳಿಗ್ಗೆ ಮೇಡಂಗೆ ಫೋನ್ ಮಾಡಿದೆ. ಮೊದಲು ಅಲ್ಲಿ ಸುಳ್ಳು ಬಿಚ್ಚಿದರೆ ನಿನ್ನ ಮುಂದೆ ಬಾಯಿ ಬರಬಹುದು ಅಂತ. “ಮೇಡಂ, ನಮ್ಮದು ಮೂರು ತಲೆಮಾರಿನ ಮನೆತನ ಅಲ್ಲ. ನನ್ನನ್ನ ಸಾಕಿದ್ದು ನಮ್ಮಕ್ಕ, ಆ ಹಾಲಲ್ಲಿ ಹಾಳೆ ಮಡಿಸ್ತಾರೆ” ಅಂದೆ. “ಯಾವ ಮನೆತನ ಸಾರ್? ನೀವು ಹಾಗೇನಾದ್ರೂ ಹೇಳಿದ್ರಾ?” ಅಂದರು. ಮೂಗೂ ನೆನಪಿಲ್ಲ, ತಾತನೂ ನೆನಪಿಲ್ಲ. ಯಾವ ಕಥೆ ಉಳಿಸಲು ನಾನು ನಿನ್ನನ್ನು ‘ರೀ’ ಅಂದೆನೋ, ಆ ಕಥೆಯನ್ನು ಆಕೆ ಕೇಳಿಸಿಕೊಂಡೇ ಇರಲಿಲ್ಲ. ನಗಬೇಕು ಅನ್ನಿಸಿದರೆ ನಗು ಅಕ್ಕ, ನನಗೆ ಆಗಲಿಲ್ಲ.

ಎರಡನೆಯದು ಆ ಒಂಬತ್ತನೇ ಫ್ರೇಮು. ಅದನ್ನು ನಾನು ಅಳಿಸಿರಲಿಲ್ಲ, ತೆರೆದೂ ಇರಲಿಲ್ಲ. ನಿನ್ನೆ ತೆರೆದೆ. ಮೇಡಂ ಮುಖ ನೋಡಿದ್ದರು, ನಾನು ಕೈ ನೋಡಿದೆ. ನಿನ್ನ ಎಡಗೈ ಪಕ್ಕದವಳ ಮೊಣಕೈ ಹಿಡಿದಿದೆ. ಬಲಗೈ ದಾರ ಪೋಣಿಸಿದ ಸೂಜಿಯ ಸಮೇತ ಕ್ಯಾಮೆರಾದ ಕಡೆ ಚಾಚಿದೆ. ಹಲ್ಲು ಕಾಣುವ ಹಾಗೆ ನಕ್ಕಿದ್ದೀಯ, ಬಾಯಿ ಒಂದು ಮಾತಿನ ನಡುವೆ ನಿಂತಿದೆ. ಆ ಮಾತು ‘ನನ್ನ ತಮ್ಮ’ ಅಂತ ನನಗೆ ಗೊತ್ತಾಯಿತು. ಗೋಡೆಗೆ ಹೋದ ಹದಿನಾಲ್ಕನೆಯದರಲ್ಲಿ ಅದೇ ಜಾಗದಲ್ಲಿ ಒಂದು ಬೂದು ಕಲೆ ಇದೆ.

ನೀನು ಹೊಲಿದುಕೊಟ್ಟ ನೋಟ್‌ಬುಕ್ಕಿನಲ್ಲಿ ನಾನು ಪ್ರತಿ ಶೂಟಿಂಗಿನ ವಿವರ ಬರೆಯುತ್ತೇನಲ್ಲ, ಆ ದಿನದ್ದನ್ನೂ ಅಭ್ಯಾಸಬಲದಿಂದ ಬರೆದಿದ್ದೆ. ‘ಫ್ರೇಮ್ ೯: ಮುಂದಕ್ಕೆ ಒಂದೂವರೆ. ಅಕ್ಕ ಸ್ಪಷ್ಟ. ಫ್ರೇಮ್ ೧೪: ಎಡಕ್ಕೆ ನಾಲ್ಕು. ಅಕ್ಕ ಇಲ್ಲ. ಸರಿ.’ ಆ ‘ಸರಿ’ಯನ್ನು ನೋಡಲಾಗದೆ ಅಂದೇ ಸಂಜೆ ಆ ಹಾಳೆ ಹರಿದೆ. ಬಿಸಾಡಲೂ ಕೈ ಬರಲಿಲ್ಲ. ಹಿಂದಿನ ರಟ್ಟಿನ ಜೇಬಿನಲ್ಲಿ ತುರುಕಿದೆ. ಅದನ್ನೂ ಈ ಪತ್ರದ ಜೊತೆ ಇಡುತ್ತೇನೆ, ನನ್ನ ಅಕ್ಷರದಲ್ಲೇ ನೀನು ಓದಬೇಕು.

ನೀನು ಬಾ ಅಂದರೆ ಶನಿವಾರ ಬರುತ್ತೇನೆ. ಲೆನ್ಸ್ ಮುಟ್ಟುವ ಮೊದಲು ಬಲಸಾಲಿನ ಒಬ್ಬೊಬ್ಬರಿಗೂ ಗಾಜು ಸರಿಯಾಗೇ ಇತ್ತು ಅಂತ ನಾನೇ ಹೇಳುತ್ತೇನೆ. ಸೂಜಿ ಅಜ್ಜಿ ಬೈದರೆ ಬೈಸಿಕೊಳ್ಳುತ್ತೇನೆ. ಆಮೇಲೆ ಹಾಳೆಯನ್ನು ಮುಖದ ಎತ್ತರಕ್ಕೆ ಹಾಸುತ್ತೇನೆ, ನಲವತ್ತು ನಿಮಿಷ ಕೊಡು.

ಕೊನೆಗೆ ಯಾರಿಗೆ ಏನು ದಕ್ಕಿತು ಅನ್ನುವುದು. ಮೇಡಂಗೆ ಒಂದು ಗೋಡೆಯಷ್ಟು ಚಿತ್ರ. ಎಡಸಾಲಿನ ಹದಿನಾರು ಜನಕ್ಕೆ ಅವರವರ ಮುಖ. ಬಲಸಾಲಿನ ಹದಿನೈದು ಜನಕ್ಕೆ ಏನೂ ಇಲ್ಲ. ನನಗೆ ಆ ಚಿತ್ರದಿಂದ ಬಂದ ಇನ್ನೂ ಮೂರು ಕೆಲಸ. ನಿನಗೆ ಒಂದು ‘ರೀ’.

ನಿನ್ನ ಕೆಮ್ಮು ಹೇಗಿದೆ? ಈ ಸಲ ನಿಜವಾಗಿಯೂ ಕೇಳುತ್ತಿದ್ದೇನೆ.

ನಿನ್ನ ತಮ್ಮ,
ಅಂಟು

ಮರೆತ ಮಾತು: ಪತ್ರ ಮಡಿಸಿ, ಹರಿದ ಹಾಳೆ ತೆಗೆಯಲು ನೋಟ್‌ಬುಕ್ಕಿನ ಹಿಂದಿನ ಜೇಬಿಗೆ ಕೈ ಹಾಕಿದೆ. ಜೇಬು ಖಾಲಿ. ಬೆನ್ನು ಬಿಟ್ಟುಹೋಗಿದೆ ಅಂತ ಎರಡು ತಿಂಗಳ ಹಿಂದೆ ಆ ನೋಟ್‌ಬುಕ್ಕನ್ನು ನಿನಗೇ ಕಳಿಸಿದ್ದೆ, ಜೇಬಿನಲ್ಲಿ ಏನಿದೆ ಅನ್ನುವುದು ಮರೆತೇಹೋಗಿತ್ತು. ನೀನು ಎಲ್ಲ ಬಿಚ್ಚಿ, ಮತ್ತೆ ಹೊಲಿದು, ಮಾವನ ಕೈಲಿ ಕಳಿಸಿದ್ದೆ. ಒಂದು ಮಾತೂ ಆಡಿರಲಿಲ್ಲ. ಈಗ ಒಂದೊಂದೇ ಪುಟ ತಿರುವಿದೆ. ಆ ಹಾಳೆ ಅದರ ತಾರೀಕಿನ ಜಾಗದಲ್ಲೇ ಇದೆ. ಹರಿದ ಅಂಚಿಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಸುಕ್ಕು ತೀಡಿ, ಹೊಲಿಗೆಗೆ ಸೇರಿಸಿದ್ದೀಯ. ಬೆರಳಿಟ್ಟು ನೋಡಿದರಷ್ಟೇ ತಿಳಿಯುತ್ತದೆ.

ಅಂದರೆ ಎರಡು ತಿಂಗಳಿಂದ ನಿನಗೆ ಗೊತ್ತು. ಗೊತ್ತಿದ್ದೂ ನಿನ್ನೆ ಲೆನ್ಸ್ ರಿಪೇರಿ ಆಯ್ತಾ ಅಂತ ಕೇಳಿಸಿದ್ದೀಯ. ನಾನು ಹೇಳಿದ ಸುಳ್ಳು ಒಂದು. ಗೊತ್ತಾದ ಮೇಲೂ ಅದನ್ನು ನನಗೋಸ್ಕರ ಎಷ್ಟು ಜನರ ಮುಂದೆ, ಎಷ್ಟು ಸಲ ನಿಜ ಮಾಡಿ ಹೇಳಿದೆಯೋ, ಅದನ್ನು ಎಣಿಸಲು ಕೂತೆ. ನನ್ನಿಂದ ಆಗಲಿಲ್ಲ ಅಕ್ಕ.