ನಾಳೆಯ ಸಭೆಯ ನಡಾವಳಿ

ಮಾವನವರಿಗೆ ನಮಸ್ಕಾರ.

ಮ್ಯಾನೇಜರಾದ ನೀವೇ ಕಟ್ಟಿ, ನನ್ನನ್ನು ಅಧ್ಯಕ್ಷನಾಗಿ ಕೂರಿಸಿದ ಕಾರ್ಮಿಕ ಸಂಘದ ನಾಳಿನ ಸಭೆಯ ನಡಾವಳಿಯನ್ನು ನಿಮ್ಮ ಟೈಪಿಸ್ಟ್ ಇಂದೇ ತಂದುಕೊಟ್ಟರು. ನಾಳೆ ನಾನು ನಿಮ್ಮನ್ನು ಎರಡು ಸಲ ಹೊಗಳಿದ್ದೇನೆ; ಚಪ್ಪಾಳೆಯೂ ಜೋರಾಗಿಯೇ ಬಿದ್ದಿದೆ.

ಹೊಲಿಗೆ ವಿಭಾಗದ ಅಕ್ಕ ಕೇಳಿದರು: "ಅಧ್ಯಕ್ಷರೇ, ನಾಳೆ ನಾನೇನಾದ್ರೂ ಮಾತಾಡಿದೀನಾ, ಸ್ವಲ್ಪ ನೋಡಿ ಹೇಳಿ."

ಹುಡುಕಿದೆ. ಯಂತ್ರದ ಸೂಜಿ ಹೊಕ್ಕ ಅವರ ಬೆರಳಿನ ಸುದ್ದಿ ಎಲ್ಲೂ ಇರಲಿಲ್ಲ.

ಹೊಲಿಗೆ ವಿಭಾಗದವರು ಸೇರಿ ಬೇರೆ ಸಂಘ ನೋಂದಾಯಿಸುತ್ತಿದ್ದಾರೆ. ಕಾನೂನಿನ ಪ್ರಕಾರ ಏಳು ಸಹಿ ಬೇಕು, ಆರಾಗಿತ್ತು. ಏಳನೆಯದು ನನ್ನದು.

ರಾಜೀನಾಮೆ ಲಗತ್ತಿಸಿದ್ದೇನೆ. ಸಂಘದ ಮೊಹರು ನಿಮ್ಮ ಡ್ರಾಯರಿನಲ್ಲೇ ಇರುವುದರಿಂದ ದಯವಿಟ್ಟು ನೀವೇ ಒತ್ತಿಕೊಳ್ಳಿ. ಭಾನುವಾರ ಊಟಕ್ಕೆ ಬರಬಹುದೋ ಇಲ್ಲವೋ, ಅತ್ತೆಯವರ ಕೈಲಿ ಹೇಳಿಸಿ.

ಇಂತಿ,
ಇನ್ನು ಮೇಲೆ ಬರೀ ಅಳಿಯ